ಮುಖ ನೋಡದ ಕೊಳವೆ

ನಾನು ಒಂದು ಎಂಡೋಸ್ಕೋಪ್. ಕಿರುಬೆರಳ ದಪ್ಪದ ಉದ್ದನೆಯ ಕರಿ ಕೊಳವೆ; ತುದಿಯಲ್ಲಿ ದೀಪ, ಪಕ್ಕದಲ್ಲೇ ಕಣ್ಣು. ಸಮುದ್ರದಾಚೆಯ ಕಾರ್ಖಾನೆಯಲ್ಲಿ ಹುಟ್ಟಿ, ಥರ್ಮಾಕೋಲಿನ ಹಾಸಿಗೆಯಲ್ಲಿ ಮಲಗಿ ಹುಬ್ಬಳ್ಳಿಯ ಆಸ್ಪತ್ರೆಯೊಂದಕ್ಕೆ ಬಂದೆ. ಹೊಸ ಮದುಮಗನಂತೆ ಎಲ್ಲರೂ ನನ್ನನ್ನು ನೋಡಿದ್ದೇ ನೋಡಿದ್ದು. ನನ್ನ ಕೆಲಸ ಏನೆಂದು ತಿಳಿದವರು ಮಾತ್ರ ಮೂಗು ಮುರಿದರು. ಮುರಿಯಲಿ ಬಿಡಿ. ನಾನು ಒಳಹೋಗುವುದೇ ಹಿಂಬಾಗಿಲಿನಿಂದ. ಸಾವಿರಾರು ಜನರ ಕರುಳು ಕಂಡೆ, ಒಬ್ಬರ ಮುಖವನ್ನೂ ಸರಿಯಾಗಿ ನೋಡಲಿಲ್ಲ.

ನೀಲವ್ವನೂ ನನಗೆ ಬರೀ ದನಿಯಾಗಿಯೇ ಪರಿಚಯ. ರೊಟ್ಟಿ ಬಡಿದು ಮಾರುವ ಹೆಂಗಸು. ಕ್ರೋನ್ಸ್ ಎಂಬ ಕಾಯಿಲೆ ಅವಳ ಕರುಳನ್ನು ಹುಣ್ಣು ಮಾಡಿ ಮಾಡಿ ಕಿರಿದಾಗಿಸಿತ್ತು. ಹಿಂದೊಮ್ಮೆ ಹೊಟ್ಟೆ ಕೊಯ್ದು ಒಂದು ಮೊಳ ಕತ್ತರಿಸಿದ್ದರು. ಈಗ ಆ ಹೊಲಿಗೆಯ ಜಾಗವೇ ಬಿಗಿದುಕೊಂಡಿತ್ತು. ಊರಿಗೆಲ್ಲ ರೊಟ್ಟಿ ಕೊಡುವವಳು ಎರಡು ವರ್ಷದಿಂದ ಗಂಜಿಯಲ್ಲೇ ಬದುಕಿದ್ದಳು.

"ಇನ್ನೊಮ್ಮೆ ಕೊಯ್ಯೂದು ಬ್ಯಾಡ್ರಿ ಡಾಕ್ಟ್ರ" ಎಂದಳು.

"ಬಲೂನ್ ಹಾಕಿ ಅಗಲ ಮಾಡಿ ನೋಡೋಣು. ಆಗದಿದ್ರ ಮಾತ್ರ ಕೊಯ್ಯೂದು" ಎಂದರು ಡಾಕ್ಟರ್ ಫರ್ಜಾನಾ.

"ಹಂಗಾದ್ರ ಇವತ್ತ ಪೂರಾ ಅಗಲ ಮಾಡಿಬಿಡ್ರಿ. ದಿನಾ ಒಲಿ ಬಿಟ್ಟು ಬರಾಕ ಆಗೂದಿಲ್ಲ."

"ಹಿಟ್ಟಿನ ಉಂಡಿ ಒಮ್ಮೆಲೇ ಜೋರ್ ಬಡದ್ರ ಏನಾಕ್ಕೈತಿ?"

"ಹರೀತೈತ್ರಿ" ಎಂದಳು ನೀಲವ್ವ. "ಆತು ಬಿಡ್ರಿ. ಸಾವಕಾಶ ಮಾಡ್ರಿ."

ಮತ್ತಿನ ಇಂಜೆಕ್ಷನ್ ಆದಮೇಲೆ ನಾನು ಒಳಗೆ ಹೋದೆ. ಹೊಲಿಗೆಯ ಜಾಗದಲ್ಲಿ ಉಳಿದ ಕಿಂಡಿ ಪೆನ್ಸಿಲ್ ಕೂಡ ತೂರದಷ್ಟು ಸಣ್ಣದು. ನನಗೆ ನಿಜಕ್ಕೂ ಹೆದರಿಕೆಯಾಯಿತು; ಅಲ್ಲಿ ತೂತು ಬಿದ್ದರೆ ಮತ್ತೆ ಕತ್ತರಿಯೇ ಗತಿ. ನನ್ನ ಹೊಟ್ಟೆಯೊಳಗಿಂದ ಮಡಚಿದ ಬಲೂನು ಹೊರಬಂತು. ನೀರು ತುಂಬಿದರು, ಒಂದು ನಿಮಿಷ ಕಾದರು, ಇಳಿಸಿದರು. ಚೂರು ರಕ್ತ ಜಿನುಗಿತು. "ಇವತ್ತಿಗೆ ಸಾಕು" ಎಂದು ಡಾಕ್ಟರ್ ನನ್ನನ್ನು ಕಿಂಡಿ ದಾಟಿಸದೆಯೇ ಹೊರಗೆಳೆದರು. ಒಂದೇ ಕೆಲಸಕ್ಕೆ ಹುಟ್ಟಿದ ಬಲೂನು, ಪಾಪ, ಕಸದ ಬುಟ್ಟಿ ಸೇರಿತು.

ಮೂರನೇ ಸಲ ಹೋದಾಗ ಆ ಕಿಂಡಿಯನ್ನು ನಾನೇ ದಾಟಿದೆ. ಅಂಥ ಖುಷಿ ನನಗೆ ಮತ್ತೆ ಆಗಿಲ್ಲ.

ಈಗ ನನ್ನ ಕಣ್ಣು ಮಂಜು, ಕತ್ತು ಬಾಗುವುದಿಲ್ಲ. ಗುಜರಿಗೆ ಹಾಕದೆ, ಹೆದರುವ ರೋಗಿಗಳಿಗೆ ತೋರಿಸಲೆಂದು ಹಜಾರದ ಗಾಜಿನ ಪೆಟ್ಟಿಗೆಯಲ್ಲಿ ಸುರುಳಿ ಸುತ್ತಿ ಇಟ್ಟಿದ್ದಾರೆ.

ಮೊನ್ನೆ ತಪಾಸಣೆಗೆ ಬಂದ ಹೆಂಗಸೊಬ್ಬಳು ಗಾಜಿಗೆ ಮುಖ ತಂದು, "ಇದ ಏನ್ರಿ ಆ ಕೊಳವಿ?" ಎಂದಳು.

ಅದೇ ದನಿ! ದುಂಡು ಮುಖ, ಹಣೆ ತುಂಬ ಕುಂಕುಮ, ಒಂದು ಹಲ್ಲು ವಾರೆ. ಡಾಕ್ಟರಿಗೆಂದು ತಂದ ರೊಟ್ಟಿಯ ಗಂಟು ಬಿಚ್ಚಿ, ಮೆತ್ತನೆಯದೊಂದು ಚೂರು ಮುರಿದು ತಾನೇ ಬಾಯಿಗೆ ಹಾಕಿಕೊಂಡಳು. ಅವಸರವಿಲ್ಲದೆ ಅಗಿದು ನುಂಗಿ, ಸೆರಗಿನಿಂದ ಬಾಯಿ ಒರೆಸಿಕೊಂಡು ಒಳಗೆ ಹೋದಳು.

ಆ ತುತ್ತು ಹೋಗುವ ದಾರಿ ನನಗೆ ಗೊತ್ತು. ಸಂಜೆಯವರೆಗೂ ಮನಸ್ಸಿನಲ್ಲೇ ಅದರ ಜೊತೆ ಹೋದೆ.