ಕಂಬದ ಹಿಂದಿನ ಮಂಚ

ಆಸ್ಪತ್ರೆಯಲ್ಲಿ ಮಲಗಿ ಒಂದು ಕಲ್ಲು ತೆಗೆಸಿಕೊಂಡು ಬಂದರೂ ಅತ್ತೆಯ ಕಿಡ್ನಿಯಲ್ಲಿ ಇನ್ನೊಂದು ಉಳಿದಿತ್ತು. ತೆಗೆಸದಿದ್ದರೆ ಕಿಡ್ನಿಯೇ ಕೆಡುತ್ತದೆ ಎಂದು ಡಾಕ್ಟರು ಹೇಳಿದ್ದರು. ಅತ್ತೆ ಮಾತ್ರ ಮತ್ತೆ ಆ ಆಸ್ಪತ್ರೆಗೆ ಕಾಲಿಡುವುದಿಲ್ಲ ಎಂದು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ನಾನು ಹೇಳಿ ಸೋತೆ.

ಅತ್ತೆ ಮಲಗಿದ್ದ ವಾರ್ಡಿನ ನರ್ಸು ನಮ್ಮ ಬೀದಿಯ ಹುಡುಗಿಯೇ. ಕೆಲಸ ಮುಗಿಸಿ ಹೋಗುವಾಗ ನಮ್ಮ ಮನೆಗೆ ಬಂದಳು.

"ಏನಮ್ಮ, ನಮ್ಮ ಮೇಲೆ ಕೋಪಾನಾ?"

"ಕೋಪ ಮಾಡ್ಕೊಳ್ಳೋಕೆ ನೀನು ಕಣ್ಣಿಗೆ ಬಿದ್ದಿದ್ರೆ ತಾನೇ," ಎಂದರು ಅತ್ತೆ. "ಕಂಬದ ಹಿಂದೆ ನನ್ನ ಮಂಚ. ಮನೆಯವರನ್ನೋ ಸಂಜೆ ಮಾತ್ರ ಒಳಗೆ ಬಿಡ್ತೀರಿ. ದಿನವೆಲ್ಲಾ ಚಪ್ಪಲಿ ಸದ್ದು ಬರತ್ತೆ, ಹಾಗೇ ಹೋಗತ್ತೆ. ನೀರು ಕುಡಿದ್ರೆ ಆ ಕೊನೇ ಬಾತ್‌ರೂಮಿಗೆ ಯಾರು ಕರ್ಕೊಂಡ್ ಹೋಗ್ತಾರೆ? ಅದಕ್ಕೇ ನೀರೇ ಬಿಟ್ಟಿದ್ದೆ."

ಕಲ್ಲಿನ ಕಾಯಿಲೆಗೆ ನೀರೇ ಅರ್ಧ ಔಷಧಿ. ಅದನ್ನೇ ಬಿಟ್ಟಿದ್ದರು.

ನರ್ಸು ಮಂಚದ ಅಂಚಿಗೆ ಕೂತಳು. "ಅಲ್ಲಿದ್ದಾಗ ನಾನೂ ಕುಡಿಯಲ್ಲಮ್ಮ. ನಮ್ಮ ಬಾತ್‌ರೂಮ್ ಇರೋದು ಕೆಳಗಿನ ಮಹಡೀಲಿ. ವಾರ್ಡ್ ಬಿಟ್ಟು ಇಳಿಯೋಕಾಗಲ್ಲ."

ಅತ್ತೆ ಗೋಡೆ ಬಿಟ್ಟು ಅವಳ ಕಡೆ ಹೊರಳಿದರು.

"ಹೊಸ ವಾರ್ಡ್ ಕಟ್ತಿದಾರೆ," ಎಂದಳು ನರ್ಸು. "ಒಳಗಿನ ಗೋಡೆ ಎಬ್ಬಿಸೋ ಮುಂಚೆ ನೆಲದ ಮೇಲೆ ಸುಣ್ಣದಲ್ಲಿ ಗೆರೆ ಹಾಕಿದಾರೆ. ಅಡ್ಮಿಟ್ ಆಗಿದ್ದೋರು ಬಂದು ನೋಡಿ ಹೇಳ್ಬೇಕಂತೆ."

"ಅದಕ್ಕೆ ಇಂಜಿನಿಯರ್ ಇಲ್ವಾ? ಈ ಮುದುಕಿ ಬಂದು ಇಟ್ಟಿಗೆ ಹೊರಬೇಕಾ?"

"ಇಂಜಿನಿಯರ್ ಕಂಬದ ಹಿಂದೆ ಮಲಗಿಲ್ವಲ್ಲಮ್ಮ."

ಮರುದಿನ ಅತ್ತೆ ಗೊಣಗುತ್ತಲೇ ನನ್ನ ಜೊತೆ ಬಂದರು. ಖಾಲಿ ಹಜಾರ, ಗೆರೆಗಳ ನಡುವೆ ಒಂದೇ ಮಂಚ, ಪಕ್ಕದಲ್ಲಿ ನರ್ಸು ಮತ್ತು ಇಂಜಿನಿಯರು. ಅತ್ತೆ ಮಲಗಿ ತಲೆ ಹೊರಳಿಸಿದರು.

"ಇಲ್ಲಿಂದ ಬರೀ ಗೋಡೆ ಕಾಣತ್ತೆ ಮಗಾ. ಒಂದು ಮುಖ ಕಾಣೋ ಹಾಗೆ ಮಾಡು."

ಇಂಜಿನಿಯರು ನರ್ಸಿನ ಮೇಜಿನ ಗೆರೆ ಅಳಿಸಿ, ಈಚೆಗೆ ಎಳೆದ.

"ಬಾತ್‌ರೂಮೂ ಹತ್ತಿರ ತಾ. ಇವಳದ್ದೂ ಇದೇ ಮಹಡೀಲಿ ಇರ್ಲಿ. ಇವಳು ಒಣಗಿ ಬಿದ್ರೆ ನನ್ನ ಯಾರು ನೋಡ್ತಾರೆ?"

"ಇದೆಲ್ಲಾ ಏಳೋಕೆ ಸಮಯ ಬೇಕಮ್ಮ," ಎಂದಳು ನರ್ಸು. "ಅಲ್ಲೀವರೆಗೆ ಹಳೇ ವಾರ್ಡಲ್ಲಿ ಕಂಬದ ಹಿಂದೆ ಬೀರು ಇಡ್ತೀವಿ. ನಿಮ್ಮ ಮಂಚ ನನ್ನ ಮೇಜಿನ ಎದುರಿಗೆ."

ಅತ್ತೆ ಎದ್ದು ಸೆರಗು ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು. "ನಡಿಯೇ, ಬಟ್ಟೆ ಕಟ್ಟು. ನಾಳೆ ಸೇರ್ಕೊಳ್ತೀನಿ."

ಅಕ್ಕತಂಗಿಯರೇ, ನಿಮ್ಮ ಮನೆಯಲ್ಲೂ ಆಸ್ಪತ್ರೆಯಲ್ಲಿ ಮಲಗಿ ಬಂದವರಿದ್ದಾರೆ. ಅಲ್ಲಿ ಏನು ಕಾಣಲಿಲ್ಲ, ಯಾವುದು ದೂರವಾಯಿತು, ಯಾರನ್ನು ಕರೆಯಲು ಹಿಂಜರಿದಿರಿ ಎಂದು ಕೂತು ಕೇಳಿ. ಅದನ್ನು ಆಸ್ಪತ್ರೆಯವರಿಗೆ ಮುಟ್ಟಿಸಿ. ನರ್ಸು, ಆಯಾಗಳ ಕಷ್ಟವನ್ನೂ ಸೇರಿಸಿ ಹೇಳಿ. ನೀವು ಹೇಳದಿದ್ದರೆ ಆ ಮೂಲೆಯಲ್ಲಿ ಇನ್ನೊಬ್ಬರ ತಾಯಿ ಒಬ್ಬಳೇ ಮಲಗಿರುತ್ತಾಳೆ.