ತಾರಸಿಗೆ ಇಳಿದ ಕಡಲು

ಪಾರಿವಾಳಗಳ ಕಾಟ ತಪ್ಪಲೆಂದು ಗಲ್ಫಿನ ಮಂಗಫ್ ಊರಿನ ಆ ಕಟ್ಟಡದ ತಾರಸಿಗೆ ಬಲೆ ಬಿಗಿದವನು ಅಝರುದ್ದೀನೇ. ಅಲ್ಲಿನ ರಿಪೇರಿ ಕೆಲಸವೆಲ್ಲ ಅವನದು. ಉಳ್ಳಾಲದ ಕಡಲಬದಿಯಲ್ಲಿ ಬೆಳೆದ ಕೈ; ಒಂದು ಗಂಟೂ ಜಾರದಂತೆ ಕಟ್ಟಿದ್ದ. ಈ ಶುಕ್ರವಾರ ಸಂಜೆ ಅದರಲ್ಲಿ ನೇತಾಡುತ್ತಿದ್ದುದು ಪಾರಿವಾಳವಲ್ಲ, ಚಳಿಗಾಲ ಕಳೆಯಲು ಬಂದ ದೊಡ್ಡದೊಂದು ಕಡಲಹಕ್ಕಿ. ಒಂದು ರೆಕ್ಕೆ ನೂಲಿಗೆ ಸಿಕ್ಕಿ ತಿರುಚಿಕೊಂಡಿತ್ತು. ಅದರ ಹಿಂಡು ಮೇಲೆ ಸುತ್ತುತ್ತಿತ್ತು.

ಬಲೆ ಕತ್ತರಿಸದೆ ಬೇರೆ ದಾರಿಯಿಲ್ಲ. ಬಲೆ ಕಟ್ಟಡದ ಒಡತಿಯದು. ಈ ದೇಶದಲ್ಲಿರಲು ಅವನಿಗೆ ಬೇಕಾದ ಪರವಾನಗಿ, ಇಕಾಮಾವೂ ಅವಳ ಕೈಯಲ್ಲೇ. ಫೋನ್ ಮಾಡಿ ತನ್ನ ಹರಕು ಅರಬಿಯಲ್ಲಿ ಹೇಳಿದ. ಆಕೆ ಒಂದೇ ಮಾತಾಡಿ ಫೋನಿಟ್ಟಳು.

"ಎಂತ ಹೇಳಿದ್ರು?" ಬಟ್ಟೆ ಒಣಗಿಸಲು ಬಂದಿದ್ದ ಹೆಂಡತಿ ಶಮೀಲಾ ಕೇಳಿದಳು.

"ಖಲ್ಲಿಸ್‌ಹಾ ಅಂದ್ರು. ಮುಗಿಸಿಬಿಡು ಅಂತ."

ದಿನವಿಡೀ ಕಿವಿಗೆ ಬೀಳುವ ಮಾತಿನ ಮರಿಯೇ ಅದು. ಕೆಲಸ ಮುಗಿದರೆ ಖಲಾಸ್, ಗ್ಯಾಸ್ ಮುಗಿದರೂ ಖಲಾಸ್. ಅವನು ಮೂಲೆಯ ಗೋಣಿಚೀಲ ಎತ್ತಿಕೊಂಡ.

"ನಿಮ್ಮ ತಲೆ!" ಶಮೀಲಾ ಚೀಲ ಕಸಿದಳು. ಅವಳು ಹೆರಿಗೆ ವಾರ್ಡಿನ ಆಯಾ. "ನಮ್ಮಲ್ಲಿ ನೋವು ತಿನ್ನುವ ಹೆಂಗಸರು 'ಯಾ ರಬ್, ಖಲ್ಲಿಸ್ನಿ' ಅಂತ ಕೂಗ್ತಾರೆ. ದೇವರೇ, ನನ್ನನ್ನು ಕೊಲ್ಲು ಅಂತವಾ? ಬಿಡಿಸು ಅಂತ ಮಾರಾಯ್ರೇ, ಬಿಡಿಸು!"

"ಮುಗಿಸು ಅಂತಲೂ ಆಗ್ತದಲ್ಲ?"

"ಆಗ್ತದೆ. ಎರಡೂ ಆಗ್ತದೆ. ನಿಮಗೆ ಯಾವುದು ಬೇಕು?"

ಅಝರುದ್ದೀನ್ ಹಕ್ಕಿಯತ್ತ ನೋಡಿದ. ಕೆಂಪು ಅಂಚಿನ ಹಳದಿ ಕಣ್ಣು ಅವನನ್ನೇ ನೋಡುತ್ತಿತ್ತು. ಅವನು ಕಟ್ಟರ್ ತೆಗೆದ.

ಶಮೀಲಾ ಒದ್ದೆ ಬೆಡ್‌ಶೀಟಿನಲ್ಲಿ ಅದನ್ನು ಎಳೆಗೂಸಿನಂತೆ ಸುತ್ತಿ ಹಿಡಿದಳು. ಅವನು ಒಂದೊಂದೇ ನೂಲು ಕತ್ತರಿಸಿದ.

"ಅಲ್ಲಾಹ್, ಇಷ್ಟು ಹಗುರವಾ?" ಅವಳ ದನಿ ತಗ್ಗಿತು. "ಎದೆ ಮುಟ್ಟಿ ನೋಡಿ."

ಮುಟ್ಟಿದ. ಬೆರಳ ತುದಿಯಲ್ಲಿ ದೋಣಿಯ ಇಂಜಿನ್ ಓಡುತ್ತಿತ್ತು.

ತಾರಸಿಯ ಕಟ್ಟೆಯ ಮೇಲಿಟ್ಟು ಬಟ್ಟೆ ಬಿಡಿಸಿದಾಗ ಹಕ್ಕಿ ಒಂದು ಕ್ಷಣ ಕದಲಲಿಲ್ಲ. ಆಮೇಲೆ ರೆಕ್ಕೆ ಬಿಚ್ಚಿತು. ಬಿಚ್ಚುತ್ತಲೇ ಹೋಯಿತು. ಅವನು ಎರಡು ಕೈ ಚಾಚಿದರೂ ಅಷ್ಟಾಗುತ್ತಿತ್ತೋ ಇಲ್ಲವೋ. ಇಷ್ಟು ಹೊತ್ತು ಮೇಲೆ ಸುತ್ತುತ್ತಿದ್ದ ಹಿಂಡು ಒಮ್ಮೆಲೇ ಕೂಗಿತು. ಹಕ್ಕಿ ಹಾರಲಿಲ್ಲ; ಗಾಳಿಯೇ ಬಂದು ಎತ್ತಿಕೊಂಡು ಹೋದಂತಾಯಿತು. ಕಟ್ಟಡಗಳ ನೆತ್ತಿಯ ಮೇಲೆ ಬಿಳಿಯ ಅಲೆಯೊಂದು ಕಡಲಿನ ಕಡೆಗೆ ಹೊರಳಿತು. ಇಬ್ಬರೂ ಬಾಯಿ ತೆರೆದು ನಿಂತರು. ಬೆಡ್‌ಶೀಟು ನೆಲಕ್ಕೆ ಬಿದ್ದದ್ದೂ ತಿಳಿಯಲಿಲ್ಲ.

ಫೋನ್ ರಿಂಗಾಯಿತು. ಒಡತಿ.

"ತಾರ್, ಮದಾಮ್," ಅಂದ ಅಝರುದ್ದೀನ್. ಹಾರಿತು ಎನ್ನಲು ಅವನಿಗೆ ಬರುತ್ತಿದ್ದುದು ಅಷ್ಟೇ.

"ಅಲ್‌ಹಮ್ದುಲಿಲ್ಲಾ," ಎಂದು ದೇವರನ್ನು ಕೊಂಡಾಡಿದಳು ಆಕೆ.

ಶಮೀಲಾ ಮೊಣಕೈಯಿಂದ ತಿವಿದಳು. "ಬಲೆದೂ ಕೇಳಿ!"

"ಶಬಕ್, ಮದಾಮ್?" ಅವನು ಬಲೆಯ ಮಾತೆತ್ತಿದ.

"ಖಲಾಸ್."

ಈ ಸಲ ಅರ್ಥ ಯಾರನ್ನೂ ಕೇಳಬೇಕಾಗಲಿಲ್ಲ. ಅವನು ಬಲೆ ಬಿಚ್ಚಲು ಮೊದಲ ಗಂಟಿಗೆ ಕೈ ಹಾಕಿದ. ಹಾಳಾದ್ದು, ಎಷ್ಟು ಚೆನ್ನಾಗಿ ಬಿಗಿದಿದ್ದ!