ಸೈಡ್‌ವಿಂಗ್ ಇಲ್ಲದ ಸ್ಟೇಜು

ಮೂರನೇ ಗುಂಡಿ ಸಡಿಲ, ಹೌದು, ಎಳೆದರೆ ಕೈಗೇ ಬರುತ್ತದೆ, ನಾಟಕದ ಜಡ್ಜ್ ಸಾಹೇಬರ ಕೋಟಿನ ಗುಂಡಿ ಎಲ್ಲರೆದುರು ಉದುರಿದರೆ ಜನಕ್ಕೆ ನಗೋದಕ್ಕೆ ಅಷ್ಟು ಸಾಕು, ಆದರೆ ಗುಂಡಿ ಉದುರಿದರೆ ಹೊಲಿಯಬಹುದು, ಅದಕ್ಕೇನಂತೆ – ಸೂಜಿಗೆ ದಾರ ಪೋಣಿಸಲು ಹೋಗಿ ಅವಳು ಮೂರು ಸಲ ತಪ್ಪಿದಳು, ಇಷ್ಟು ವರ್ಷದ ಟೈಲರ್, ದಾರ ಪೋಣಿಸೋಕೆ ಬರಲ್ಲ ಅಂದರೆ ಯಾರಾದರೂ ನಂಬ್ತಾರಾ, ಹೊರಗೆ ಅಂಗಳದಲ್ಲಿ ವ್ಯಾನಿಗೆ ಸೆಟ್ಟಿನ ಸಾಮಾನು ಹತ್ತಿಸುತ್ತಿದ್ದಾರೆ, ನಿಧಾನ ರೀ, ಬಣ್ಣ ಇನ್ನೂ ಹಸಿ, ಹತ್ತೂವರೆಗೆ ಹೊರಡಬೇಕು, ಈಗ ಹತ್ತು ಗಂಟೆ, ಇಪ್ಪತ್ತು ನಿಮಿಷದ ಹಿಂದಿನವರೆಗೂ ಎಲ್ಲ ಸರಿಯಾಗಿತ್ತು, ನಾಟಕೋತ್ಸವದವರ ಕಾಗದ ಹಿಡಿದು ಔಷಧಿ ಅಂಗಡಿಯವನು ಕುಣಿದುಕೊಂಡು ಬರುವವರೆಗೂ. ಅವನೇ ತಂಡದ ನಿರ್ದೇಶಕ. ಕೇಳಿದ್ರಾ ಅಕ್ಕ, ಸ್ಟೇಜು ಹಾಲಿನ ನಟ್ಟನಡುವೆ ಅಂತೆ, ನಾಲ್ಕೂ ಕಡೆ ಜನ, ಪಕ್ಕದಲ್ಲಿ ಮರೆಗೆ ಸೈಡ್‌ವಿಂಗೇ ಇಲ್ಲ, ನಾಟಕದ ಪುಸ್ತಕ ಹಿಡ್ಕೊಂಡು ಪರದೆ ಹಿಂದೆ ನಿಂತು ನಿಂತು ನಿಮ್ಮ ಕಾಲು ಬಿದ್ದೋಗಿದೆ, ಈ ಸಲ ಬಾಲ್ಕನಿಯಲ್ಲಿ ಆರಾಮಾಗಿ ಕೂತು ನಾಟಕ ನೋಡಿ. ಅವಳು ನಕ್ಕಳು. ನಕ್ಕೇಬಿಟ್ಟಳಲ್ಲ, ಅದೇ ಆಶ್ಚರ್ಯ, ಒಳಗೇನೇ ಆಗಲಿ, ಮುಖ ತನ್ನ ಪಾಡಿಗೆ ನಗುತ್ತದೆ, ಅಕ್ಕತಂಗಿಯರಿಲ್ಲದ ಈ ಹುಡುಗ ತನ್ನನ್ನು ಅಕ್ಕ ಅನ್ನುತ್ತಾನೆ, ಅವನಿಗೂ ಒಂದು ವರ್ಷದಿಂದ ಟೋಪಿ ಹಾಕಿದ್ದಾಯಿತು.

ಮೊದಲು ಒಂದೇ ಒಂದು ಪದ. ಜಡ್ಜ್ ಪಾತ್ರ ಮಾಡುವ ಅವಳ ಅಣ್ಣ ಮಾತಿನ ಮಧ್ಯೆ ನಿಂತ, ಕಣ್ಣು ಎಡಕ್ಕೆ ಸರಿಯಿತು, ಪರದೆಯ ಅಂಚಿನಲ್ಲಿ ಅವಳ ತುಟಿ ಆಡಿತು, ದನಿಯಿಲ್ಲ, ಬರೀ ತುಟಿ – ಅಪ್ಪ ಮಧ್ಯಾಹ್ನ ಮಲಗಿದರೆ ಮನೆಯಲ್ಲಿ ಪಿಟ್ಟೆನ್ನುವಂತಿರಲಿಲ್ಲ, ಅಣ್ಣ ತಂಗಿ ಕಿಟಕಿಯ ಆಚೆ ಈಚೆ ಕೂತು ತುಟಿಯಲ್ಲೇ ಜಗಳ ಆಡಿದ್ದೇನು, ನಕ್ಕಿದ್ದೇನು, ಅರವತ್ತು ದಾಟಿದ ಮೇಲೆ ಆ ವಿದ್ಯೆ ಹೀಗೆ ಉಪಯೋಗಕ್ಕೆ ಬರುತ್ತೆ ಅಂತ ಯಾರಿಗೆ ಗೊತ್ತಿತ್ತು. ಆಮೇಲೆ ಒಂದು ಸಾಲು, ಆಮೇಲೆ ಅರ್ಧ ಪುಟ. ಪೇಪರಿನವನು ಬರೆದ, ಇವರು ಮೌನವನ್ನೂ ಅಭಿನಯಿಸುವ ನಟ ಅಂತ! ಅಣ್ಣ ಅದನ್ನು ಕತ್ತರಿಸಿ ಕನ್ನಡಿಗೆ ಅಂಟಿಸಿಕೊಂಡಿದ್ದಾನೆ, ಅವಳಿಗೆ ನಗುವೂ ಬಂತು, ಅಳುವೂ ಬಂತು. ಹೋದ ತಿಂಗಳ ಪ್ರದರ್ಶನ – ನೆನೆಸಿಕೊಳ್ಳಬಾರದು ಅಂದಷ್ಟೂ ಬರುತ್ತದೆ – ಬೆವರಿಗೆ ಎರಡು ಹಾಳೆ ಅಂಟಿಕೊಂಡು ಒಟ್ಟಿಗೆ ಮಗುಚಿಹೋದವು, ಅವನ ಕಣ್ಣು ಎಡಕ್ಕೆ ಸರಿಯಿತು, ಅವಳು ಮುಂದಿನ ದೃಶ್ಯದ ಮಾತು ಹೇಳಿಬಿಟ್ಟಳು, ನನ್ನ ಮಗ ಸತ್ತು ಹತ್ತು ವರ್ಷ ಆಯಿತು, ಅಣ್ಣ ಹಾಗೇ ಹೇಳಿದ, ಎದುರಿಗೇ ನಿಂತಿದ್ದ ಮಗನ ಮುಖ ನೋಡಿಕೊಂಡೇ ಹೇಳಿದ, ಒಂದು ಚೂರೂ ತಡವರಿಸದೆ. ಮಗನ ಪಾತ್ರದ ಎಲೆಕ್ಟ್ರಿಷಿಯನ್ ಚಾಲಾಕಿ, ನಿಮ್ಮ ಪಾಲಿಗೆ ಸತ್ತೆ, ನಿಜ ಅಪ್ಪ, ಅಂತ ಹೇಗೋ ದಡ ಮುಟ್ಟಿಸಿದ. ಮುಗಿದ ಮೇಲೆ ಬಣ್ಣ ಒರೆಸಿಕೊಳ್ಳುತ್ತಾ ಅಣ್ಣ ಕೇಳಿದ, ಪುಟ್ಟೀ, ಅವನ್ಯಾಕೆ ಇವತ್ತು ಏನೇನೋ ಮಾತಾಡ್ದ? ಅವತ್ತು ತಿಳಿಯಿತು ಅವಳಿಗೆ. ಅಣ್ಣನ ತಲೆಯಲ್ಲಿ ನಾಟಕವೇ ಉಳಿದಿಲ್ಲ, ಇರುವುದೆಲ್ಲ ತನ್ನ ತುಟಿಯ ಮೇಲೆ.

ಪೋಸ್ಟ್‌ಮ್ಯಾನ್ ಆಗಿದ್ದವನು, ಯಾವ ಮನೆಯ ನಾಯಿ ಕಚ್ಚುತ್ತೆ ಅನ್ನೋದು ಈಗಲೂ ಬಾಯಿಪಾಠ, ಮೊನ್ನೆ ಮಾತ್ರ ಅವಳ ಮನೆಗೆ ಬರಲು ಅವಳಿಗೇ ಫೋನ್ ಮಾಡಿ ದಾರಿ ಕೇಳಿದ, ಆಮೇಲೆ ತಮಾಷೆಗೆ ಕೇಳಿದೆ ಅಂದ. ಎಲೆಕ್ಟ್ರಿಷಿಯನ್‌ಗೆ ಜಡ್ಜ್ ಪಾತ್ರ ಪೂರ್ತಿ ಗೊತ್ತು, ಮಗನ ಪಾತ್ರಕ್ಕೆ ನಿರ್ದೇಶಕನೇ ಆದಾನು, ಪ್ರದರ್ಶನ ನಾಳೆ ಸಂಜೆ, ಇವತ್ತೊಂದು ದಿನ ಸಿಕ್ಕರೆ ಸಾಕು, ಈಗ ಹೇಳಿದರೆ ನಾಟಕ ಉಳಿಯುತ್ತೆ, ಅಣ್ಣ ಉಳೀತಾನಾ, ಹೇಳದಿದ್ದರೆ ನಾಲ್ಕೂ ಕಡೆ ಜನ, ನಡುವೆ ಅವನು, ಕಣ್ಣು ಎಡಕ್ಕೆ ಸರಿಯುತ್ತದೆ, ಅಲ್ಲಿ ಯಾರೋ ಗೊತ್ತಿಲ್ಲದವರು ಕಾಲ ಮೇಲೆ ಕಾಲು ಹಾಕಿ ಕೂತಿದ್ದಾರೆ – ಬೇಡ, ದೇವರೇ, ಅದು ಬೇಡ. ಗುಂಡಿ ಹಾಗೇ ಬಿಟ್ಟು ಅವಳು ಎದ್ದಳು, ಕೋಟು ತೋಳಿನ ಮೇಲೆ, ಅಂಗಳದ ಬಿಸಿಲು ಕಣ್ಣಿಗೆ ಹೊಡೆಯಿತು, ಔಷಧಿ ಅಂಗಡಿಯವನ ಹತ್ತಿರ ಹೋಗಿ ಹೇಳಿಯೇಬಿಟ್ಟಳು, ಅಣ್ಣನಿಗೆ ಮಾತು ನೆನಪಿರಲ್ಲಪ್ಪ, ಒಂದು ವರ್ಷದಿಂದ ಎಲ್ಲಾ ನಾನೇ ತುಟಿಯಲ್ಲಿ ಹೇಳಿಕೊಡ್ತಿದ್ದೀನಿ, ಅವನನ್ನ ಆ ಸ್ಟೇಜಿನ ಮೇಲೆ ನಿಲ್ಲಿಸಬೇಡ. ಏನಕ್ಕಾ, ಹೊರಡೋ ಹೊತ್ತಲ್ಲಿ ಈ ತಮಾಷೆ, ಅಂತ ನಕ್ಕವನು ಅವಳ ಮುಖ ನೋಡಿ ನಗು ನುಂಗಿಕೊಂಡ. ವ್ಯಾನಿನ ಆ ಬದಿಯಿಂದ ಅಣ್ಣ ಬಂದ, ಕೇಳಿಸಿಕೊಂಡಿದ್ದ, ಕಿವಿ ಕೆಂಪಗಾಗಿತ್ತು. ಯಾರಿಗೆ ನೆನಪಿಲ್ಲ? ಪುಟ್ಟಿಗೆ ಹೊಟ್ಟೆಕಿಚ್ಚು ಕಣ್ರಯ್ಯ, ಪರದೆ ಹಿಂದೆ ನಿಂತವಳಿಗೆ ಒಂದು ಚಪ್ಪಾಳೆಯೂ ಇಲ್ಲ ನೋಡಿ ಅದಕ್ಕೆ, ಇಲ್ಲೇ ಹೇಳ್ತೀನಿ, ಯಾವುದು ಬೇಕು, ಕೊನೇ ದೃಶ್ಯ? ಕೇಳ್ಕೊಳಿ.

ಎಲ್ಲರೂ ಕೈಯಲ್ಲಿದ್ದುದನ್ನು ಕೆಳಗಿಟ್ಟು ಸುತ್ತ ನಿಂತರು. ಅಣ್ಣ ಬೆನ್ನು ನೆಟ್ಟಗೆ ಮಾಡಿ ಜಡ್ಜ್ ಮಾತು ಶುರು ಮಾಡಿದ, ಯಾರೋ ಬಾಗಿಲು ಬಡಿದರು, ದನಿ ಎಷ್ಟು ಚೆನ್ನಾಗಿದೆ, ಈಗಲೂ ಮೈ ಜುಮ್ಮೆನ್ನುತ್ತದೆ, ನಾನು ಎದ್ದೆ, ದೀಪ ಹಚ್ಚಿದೆ, ಬರ್ತಿದೆ, ಬರ್ತಿದೆ, ತನ್ನ ಬಾಯಿಗೆ ಹುಳ ಬೀಳಲಿ, ಬರ್ತಿದೆಯಲ್ಲ, ಚಿಲಕದ ಮೇಲೆ ಕೈ ಇಟ್ಟೆ – ನಿಂತ. ಇದು ನಟನೆಯ ಮೌನ, ಇರಬಹುದು, ಇರಲಿ, ಎಲೆಕ್ಟ್ರಿಷಿಯನ್ ತಲೆ ತಗ್ಗಿಸಿದ, ಮುಂದಿನ ಪದ ಅವಳ ಬಾಯಿ ತುಂಬ ನಿಂತಿದೆ, ತೆಗೆಯಲಿಲ್ಲ ಅನ್ನುವ ಒಂದೇ ಪದ, ತುಟಿ ಕಚ್ಚಿ ಹಿಡಿದಿದ್ದಾಳೆ, ಉಪ್ಪುಪ್ಪು ರುಚಿ, ಈಗ ಎಲ್ಲರೂ ಅಣ್ಣನನ್ನಲ್ಲ, ಅವಳನ್ನೇ ನೋಡುತ್ತಿದ್ದಾರೆ, ಮತ್ತೆ ಅವನು, ಸಿಟ್ಟೆಲ್ಲ ಇಳಿದ ಮುಖ, ಕಿಟಕಿಯ ಆಚೆ ಕೂತ ಹುಡುಗನ ಮುಖ, ಅವನ ಕಣ್ಣು, ಮೆಲ್ಲಗೆ, ಎಡಕ್ಕೆ, ಅವಳ ತುಟಿಗೆ